ಕೈಗಾರಿಕಾ ಸರ್ಕ್ಯೂಟ್ ಬ್ರೇಕರ್‌ಗಳ ನಿಯತ ಪಾಲನೆ ಮತ್ತು ಪರೀಕ್ಷೆ

ಕಾಶಿಯಾತ್ರೆ ಮಾಡಿದ ಕನ್ನಡಿಗರಿಗೆ ಸೋನಾರ್‌ಪುರ ಅಪರಿಚಿತ ಸ್ಥಳವಲ್ಲ. ಗೋದೌಲಿಯಾದಿಂದ ದಕ್ಷಿಣಕ್ಕೆ ಸಾಗಿ, ಜಂಗಮವಾಡಿ ಮಠವನ್ನೂ ನೇಕಾರರ ನೆಲೆಯಾದ ಮದನಪುರವನ್ನೂ ದಾಟಿದರೆ ಈ ಬಡಾವಣೆ ದೊರೆಯುತ್ತದೆ. ಇಲ್ಲಿಂದ ಪೂರ್ವಕ್ಕೆ ಇಳಿಯುವ ಓಣಿಗಳು ಕೇದಾರ ಘಟ್ಟ, ಹನುಮಾನ್ ಘಟ್ಟಗಳ ಕಡೆಗೆ ಹೋಗುತ್ತವೆ. ವಾರಾಣಸಿಯ ಇಂತಹ ಹಳೆಯ ಭಾಗಗಳಲ್ಲಿ ವಾಸದ ಮನೆ, ಮಗ್ಗದ ಕೋಣೆ, ರೇಷ್ಮೆಯ ದಾಸ್ತಾನು ಇವೆಲ್ಲ ಒಂದೇ ಸೂರಿನಡಿ ಇರುವುದುಂಟು. ಅನೇಕ ಓಣಿಗಳಲ್ಲಿ ಅಗ್ನಿಶಾಮಕ ವಾಹನ ಪ್ರವೇಶಿಸಲಾರದು. ಆದುದರಿಂದ ವಿದ್ಯುತ್ ದೋಷವು ಬೆಂಕಿಯಾಗುವ ಮೊದಲೇ ಅದನ್ನು ತಡೆಯಬೇಕಾಗುತ್ತದೆ. ಈ ಹೊಣೆ ಹೊತ್ತಿರುವ ಸಾಧನವೇ ಸರ್ಕ್ಯೂಟ್ ಬ್ರೇಕರ್.

2014ರಲ್ಲಿ ಆರಂಭವಾದ ಕೇಂದ್ರದ ಸಮಗ್ರ ವಿದ್ಯುತ್ ಅಭಿವೃದ್ಧಿ ಯೋಜನೆಯಡಿ ಹಳೆಯ ಕಾಶಿಯ ಸುಮಾರು 16 ಚದರ ಕಿಲೋಮೀಟರ್ ಪ್ರದೇಶದಲ್ಲಿ ತೂಗಾಡುತ್ತಿದ್ದ ತಂತಿಗಳನ್ನು ನೆಲದಡಿಗೆ ಸಾಗಿಸಲಾಯಿತು. ಆದರೆ ತಂತಿ ಕಣ್ಣಿಗೆ ಕಾಣದಾದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. ಕೇಬಲ್ಲಿನ ತುದಿಯಲ್ಲಿರುವ ಬ್ರೇಕರ್ ಸುಸ್ಥಿತಿಯಲ್ಲಿದ್ದರೆ ಮಾತ್ರ ರಕ್ಷಣೆ ಪೂರ್ಣವಾಗುತ್ತದೆ.

ಬ್ರೇಕರ್‌ನ ಕಾರ್ಯ

ಬ್ರೇಕರ್ ತನ್ನ ಆಯುಷ್ಯದ ಬಹುಭಾಗವನ್ನು ಮುಚ್ಚಿದ ಸ್ಥಿತಿಯಲ್ಲಿ, ವಿದ್ಯುತ್ತನ್ನು ಹರಿಯಗೊಡುತ್ತ, ನಿಶ್ಚಲವಾಗಿ ಕಳೆಯುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ಸಾವಿರಾರು ಆಂಪಿಯರ್ ಪ್ರವಾಹವನ್ನು ಅದು ಕ್ಷಣಾರ್ಧದಲ್ಲಿ ಕಡಿಯಬೇಕು. ಸಂಪರ್ಕಗಳು ಬೇರ್ಪಟ್ಟೊಡನೆ ಅವುಗಳ ನಡುವೆ ವಿದ್ಯುತ್ ಚಾಪ ಹೊತ್ತಿಕೊಳ್ಳುತ್ತದೆ. ನಮ್ಮ 50 ಹರ್ಟ್ಸ್ ಪೂರೈಕೆಯಲ್ಲಿ ಪ್ರವಾಹವು ಸೆಕೆಂಡಿಗೆ 100 ಬಾರಿ ಸೊನ್ನೆಯನ್ನು ಮುಟ್ಟುತ್ತದೆ. ಆ ಕ್ಷಣದಲ್ಲಿ ಚಾಪವು ಮತ್ತೆ ಹೊತ್ತದಂತೆ ನೋಡಿಕೊಳ್ಳುವುದೇ ಗಾಳಿ, ನಿರ್ವಾತ ಅಥವಾ ಅನಿಲ ಮಾದರಿಯ ಬ್ರೇಕರ್‌ಗಳ ಮೂಲತತ್ತ್ವ.

ಪಾಲನೆ ಏಕೆ ಅಗತ್ಯ?

ತಿಂಗಳುಗಟ್ಟಲೆ ಅಲುಗಾಡದ ಯಂತ್ರಾಂಗದಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ. ಮಗ್ಗದ ನೂಲಿನ ಧೂಳು ತೇವವನ್ನು ಹೀರಿ ನಿರೋಧಕಗಳ ಮೇಲೆ ಕೂರುತ್ತದೆ. ಬೋಲ್ಟುಗಳು ಸಡಿಲಗೊಳ್ಳುತ್ತವೆ. ಆದರೂ ದೀಪ ಉರಿಯುತ್ತದೆ, ಮಗ್ಗ ಓಡುತ್ತದೆ. ಬ್ರೇಕರ್ ಸದ್ದಿಲ್ಲದೆ ಇರುವುದು ಅದರ ಆರೋಗ್ಯಕ್ಕೆ ಸಾಕ್ಷಿಯಲ್ಲವೆಂಬುದನ್ನು ಗಮನಿಸಬೇಕು.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ದುರಂತದಲ್ಲಿ 59 ಮಂದಿ ಪ್ರಾಣ ಕಳೆದುಕೊಂಡರು. ಕಟ್ಟಡದ ಕೆಳ ಅಂತಸ್ತಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಆ ದಿನ ಬೆಳಗ್ಗೆಯೇ ದೋಷ ಕಂಡು ದುರಸ್ತಿಯಾಗಿತ್ತು. ಕೇಬಲ್ಲಿನ ಜೋಡಣೆ ಸರಿಯಾಗಿರಲಿಲ್ಲವೆಂದೂ, ದೋಷವುಂಟಾದೊಡನೆ ಸ್ಥಳದಲ್ಲೇ ವಿದ್ಯುತ್ ಕಡಿಯಬಲ್ಲ ರಿಲೇ ವ್ಯವಸ್ಥೆ ಅಲ್ಲಿರಲಿಲ್ಲವೆಂದೂ ವಿಚಾರಣೆಯಲ್ಲಿ ಹೊರಬಿತ್ತು. ದೂರದ ಉಪಕೇಂದ್ರದಲ್ಲಿ ಪೂರೈಕೆ ನಿಲ್ಲುವ ಹೊತ್ತಿಗೆ ಬೆಂಕಿ ಹಬ್ಬಿತ್ತು. ಹತ್ತಿರದ ರಕ್ಷಣೆ ವಿಫಲವಾದರೆ ದೂರದ ರಕ್ಷಣೆ ತಡವಾಗಿ ಬರುತ್ತದೆ. ಆ ತಡದಲ್ಲಿಯೇ ಜೀವಗಳು ಹೋಗುತ್ತವೆ.

ಮುಖ್ಯ ಪರೀಕ್ಷೆಗಳು

ಕೆಲಸ ಆರಂಭಿಸುವ ಮುನ್ನ ಪೂರೈಕೆಯನ್ನು ಬೇರ್ಪಡಿಸಿ, ಬೀಗ ಹಾಕಿ, ಸೂಚನಾ ಫಲಕ ತೂಗುಹಾಕಿ, ವಿದ್ಯುತ್ ಇಲ್ಲವೆಂಬುದನ್ನು ಉಪಕರಣದಿಂದ ಖಚಿತಪಡಿಸಿಕೊಂಡು, ಭೂಸಂಪರ್ಕ ನೀಡಬೇಕು. ಪರೀಕ್ಷೆಯ ವೇಳೆ ಅಗತ್ಯವಾದಾಗ ಮಾತ್ರ ಭೂಸಂಪರ್ಕವನ್ನು ಕ್ರಮಬದ್ಧವಾಗಿ ತೆಗೆಯಬೇಕು. ಯಂತ್ರಾಂಗಕ್ಕೆ ಕೈಹಾಕುವ ಮೊದಲು ಸ್ಪ್ರಿಂಗಿನಲ್ಲಿ ಸಂಚಯವಾದ ಶಕ್ತಿಯನ್ನು ಬಿಡುಗಡೆ ಮಾಡಬೇಕು.

1. ಮೊದಲ ತೆರೆಯುವಿಕೆ: ಶುಚಿಗೊಳಿಸುವ ಮೊದಲೇ, ಇದ್ದ ಸ್ಥಿತಿಯಲ್ಲಿಯೇ, ಬ್ರೇಕರ್ ತೆರೆಯಲು ಹಿಡಿದ ಕಾಲವನ್ನು ದಾಖಲಿಸಬೇಕು. ಒಮ್ಮೆ ಚಲಿಸಿದೊಡನೆ ಗಟ್ಟಿಯಾದ ಗ್ರೀಸ್ ಸಡಿಲಗೊಂಡು ಎರಡನೆಯ ಬಾರಿ ಅದು ಚುರುಕಾಗಿ ಕಾಣಬಹುದು. ಆದರೆ ಅಪಘಾತದಲ್ಲಿ ದೊರೆಯುವುದು ಮೊದಲ ಅವಕಾಶ ಮಾತ್ರ. 11 ಕಿಲೋವೋಲ್ಟ್ ನಿರ್ವಾತ ಬ್ರೇಕರ್ ಸಾಮಾನ್ಯವಾಗಿ 60 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ತೆರೆಯುತ್ತದೆ.

2. ಸಂಪರ್ಕ ರೋಧ: ಮುಚ್ಚಿದ ಸಂಪರ್ಕದ ರೋಧವನ್ನು ಮೈಕ್ರೋಓಮ್‌ಗಳಲ್ಲಿ ಅಳೆಯಬೇಕು. 50 ಮೈಕ್ರೋಓಮ್ ರೋಧದಲ್ಲಿ 1000 ಆಂಪಿಯರ್ ಹರಿದರೆ 50 ವ್ಯಾಟ್ ಶಾಖ ಹುಟ್ಟುತ್ತದೆ. ರೋಧ 200ಕ್ಕೆ ಏರಿದರೆ ಶಾಖವೂ 200 ವ್ಯಾಟ್ ಆಗುತ್ತದೆ.

3. ನಿರೋಧನ: ಮೆಗ್ಗರ್ ಉಪಕರಣದಿಂದ ಫೇಸುಗಳ ನಡುವೆ, ಫೇಸು ಮತ್ತು ಭೂಮಿಯ ನಡುವೆ, ತೆರೆದ ಸಂಪರ್ಕಗಳ ನಡುವೆ ಪರೀಕ್ಷಿಸಬೇಕು. ಒಂದು ಸಲದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಆಗುವ ಇಳಿಕೆ ಹೆಚ್ಚಿನ ಎಚ್ಚರಿಕೆ ನೀಡುತ್ತದೆ.

4. ರಿಲೇ ಮತ್ತು ಟ್ರಿಪ್ ಕಾಯಿಲ್: ಕೃತಕ ಪ್ರವಾಹ ಹರಿಸಿ, ನಿಗದಿತ ಮಟ್ಟದಲ್ಲಿ, ನಿಗದಿತ ಕಾಲದಲ್ಲಿ ಬ್ರೇಕರ್ ತೆರೆಯುವುದೇ ಎಂದು ನೋಡಬೇಕು. ಬ್ಯಾಟರಿಯ ವೋಲ್ಟೇಜು 70 ಪ್ರತಿಶತಕ್ಕೆ ಇಳಿದಾಗಲೂ ಟ್ರಿಪ್ ಕಾಯಿಲ್ ಕೆಲಸ ಮಾಡಬೇಕು.

1978ರ ಪ್ರವಾಹದಲ್ಲಿ ಗಂಗೆ ವಾರಾಣಸಿಯಲ್ಲಿ 73.901 ಮೀಟರ್ ಮಟ್ಟಕ್ಕೆ ಏರಿತ್ತು. ಅಪಾಯದ ಮಟ್ಟ 71.262 ಮೀಟರ್. ನದೀತೀರದ ಪಟ್ಟಣಗಳಲ್ಲಿ ವಾರ್ಷಿಕ ತಪಾಸಣೆಯನ್ನು ಮಳೆಗಾಲಕ್ಕೆ ಮುಂಚೆ ಮುಗಿಸುವುದು ಲೇಸು. ನೀರಿನಲ್ಲಿ ಮುಳುಗಿದ ಮುಚ್ಚುಕವಚದ ಬ್ರೇಕರನ್ನು ಒಣಗಿಸಿ ಮತ್ತೆ ಬಳಸದೆ ಬದಲಾಯಿಸಬೇಕು.

ಸಾರ್ವಜನಿಕರ ಪಾತ್ರ

ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂತಹ ಪ್ರಯೋಗಾಲಯಗಳಲ್ಲಿ ಬ್ರೇಕರ್ ಮಾದರಿಗಳನ್ನು ಶಾರ್ಟ್ ಸರ್ಕ್ಯೂಟ್ ಪ್ರವಾಹಕ್ಕೆ ಒಡ್ಡಿ ಪರೀಕ್ಷಿಸಲಾಗುತ್ತದೆ. ಆದರೆ ಆ ಪ್ರಮಾಣಪತ್ರ ಹೊಸ ಮಾದರಿಯ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು, ಹತ್ತು ವರ್ಷ ಧೂಳಿನಲ್ಲಿದ್ದ ನಮ್ಮ ಬ್ರೇಕರ್‌ನ ಸ್ಥಿತಿಯನ್ನಲ್ಲ.

ಮೇಲಿನ ಪರೀಕ್ಷೆಗಳನ್ನು ಪರವಾನಗಿ ಪಡೆದ ತಜ್ಞರೇ ನಡೆಸಬೇಕು. ಆದರೆ ದೊಡ್ಡಬಳ್ಳಾಪುರವಾಗಲಿ, ರಬಕವಿ-ಬನಹಟ್ಟಿಯಾಗಲಿ, ಮದನಪುರವಾಗಲಿ, ಮಗ್ಗದ ಒಡೆಯರೂ ಕಾರ್ಮಿಕರೂ ಮೂರು ವಿಷಯಗಳಲ್ಲಿ ಜಾಗರೂಕರಾಗಿರಬಹುದು. ಫಲಕದ ಬಳಿ ಸುಟ್ಟ ವಾಸನೆ, ಗುಂಯ್ ಎಂಬ ಸದ್ದು ಅಥವಾ ಬಿಸಿ ಕಂಡುಬಂದರೆ ಕೂಡಲೇ ತಿಳಿಸುವುದು. ಪದೇ ಪದೇ ಬೀಳುವ ಬ್ರೇಕರನ್ನು ಕಾರಣ ತಿಳಿಯದೆ ಮೇಲೆತ್ತದಿರುವುದು. ಕಳೆದ ಪರೀಕ್ಷೆ ಯಾವ ದಿನ ನಡೆಯಿತು, ಫಲಿತಾಂಶವೇನು ಎಂದು ಕೇಳುವುದು. ಈ ಪ್ರಶ್ನೆಗೆ ಉತ್ತರ ಬರಹದಲ್ಲಿ ದೊರೆಯದಿದ್ದರೆ ಪರೀಕ್ಷೆ ನಡೆದಿಲ್ಲವೆಂದೇ ತಿಳಿದು ಮುಂದಿನ ಕ್ರಮ ಕೈಗೊಳ್ಳತಕ್ಕದ್ದು.