ಬೈಂಡಿಂಗ್ ಎಲ್ಲಿ ಕೂರಿಸಲಿ?

ಪ್ರಶ್ನೆ: ಕೊಲರಾಡೋದಲ್ಲಿದ್ದೇನೆ. ಹೊಸ ಟ್ವಿನ್-ಟಿಪ್ (ಎರಡೂ ತುದಿ ಮೇಲಕ್ಕೆ ಬಾಗಿದ) ಸ್ಕೀ ಕೊಂಡಿದ್ದೇನೆ. ಜಿಗಿತ, ಕಸರತ್ತುಗಳ ಪಾರ್ಕ್‌ಗೆ ಹೋಗುವುದು ಅಪರೂಪ, ಇಡೀ ಬೆಟ್ಟ ಸುತ್ತುವ ಆಸೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ನಟ್ಟನಡುವೆ ಕೂರಿಸು ಎನ್ನುತ್ತಾರೆ ಗೆಳೆಯರು. ಏನು ಮಾಡಲಿ?

ಉತ್ತರ: ನಟ್ಟನಡುವೆ ಬೇಡ. ಅದು ಹಿಮ್ಮುಖವಾಗಿ ಇಳಿಯುವವರಿಗೆ, ಗಾಳಿಯಲ್ಲಿ ಗಿರಕಿ ಹೊಡೆಯುವವರಿಗೆ ಹೊಂದುವ ಜಾಗ. ನಿಮಗೆ ಕಾಲಿನ ಮುಂದೆ ಹೆಚ್ಚು ಉದ್ದ ಬೇಕು. ಆಗ ಆಳವಾದ ಹೊಸ ಹಿಮದಲ್ಲಿ ತುದಿ ಸುಲಭವಾಗಿ ಮುಳುಗುವುದಿಲ್ಲ, ವೇಗದಲ್ಲೂ ಹಿಡಿತ ಸಿಗುತ್ತದೆ.

ಸ್ಕೀಯ ಮೇಲೆ ಕಂಪನಿಯೇ ಶಿಫಾರಸಿನ ಗೆರೆ ಹಾಕಿರುತ್ತದೆ. ಆಲ್-ಮೌಂಟನ್ ಟ್ವಿನ್-ಟಿಪ್‌ಗಳಲ್ಲಿ ಅದು ಸಾಮಾನ್ಯವಾಗಿ ನಡುವಿನಿಂದ ಕೆಲವು ಸೆಂ.ಮೀ. ಹಿಂದಿರುತ್ತದೆ. ಸ್ಕೀಯ ಬಾಗು, ಅಗಲಗಳನ್ನು ನೋಡಿ ಹಾಕಿದ ಗೆರೆ ಅದು, ಅದನ್ನೇ ನಂಬಿ. ನಿಮ್ಮ ಬೂಟಿನ ಮಧ್ಯದ ಗುರುತು ಸರಿಯಾಗಿ ಅದರ ಮೇಲೆ ಬರಬೇಕು. ಬರೀ 1 ಸೆಂ.ಮೀ. ಆಚೀಚೆಯಾದರೂ ತಿರುವಿನಲ್ಲಿ ವ್ಯತ್ಯಾಸ ಗೊತ್ತಾಗಬಹುದು.

ಇನ್ನೂ ಅನುಮಾನವಿದ್ದರೆ ಹಿಂದೆ ಮುಂದೆ ಸರಿಸಬಹುದಾದ ಡೆಮೊ ಬೈಂಡಿಂಗ್ ಹಾಕಿಸಿ, ಇಳಿದು ನೋಡಿ ತೀರ್ಮಾನಿಸಿ. ಮತ್ತೆ ಮತ್ತೆ ತೂತು ಕೊರೆದರೆ ಸ್ಕೀ ದುರ್ಬಲವಾಗುತ್ತದೆ. ಕೊರೆಯುವ ಕೆಲಸವನ್ನೂ ಡಿನ್ (ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕೆಂಬ ಅಳತೆ) ಹೊಂದಿಸುವುದನ್ನೂ ತರಬೇತಿ ಪಡೆದ ಟೆಕ್ನಿಷಿಯನ್‌ಗೇ ಬಿಡಿ. ಬಿದ್ದಾಗ ಬೂಟು ಕಳಚಿಕೊಳ್ಳುವುದು ಆ ಹೊಂದಿಕೆಯಿಂದಲೇ. ಅಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.