ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ಎತ್ತರಿಸುವ ಮುನ್ನ: ಸವಾರನ ಹಕ್ಕು, ಕಾನೂನಿನ ಮಿತಿ

ಕಲಘಟಗಿಯಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸುಮಾರು 30 ಕಿಲೋಮೀಟರ್ ದೂರವನ್ನು ಕೆಲಸಕ್ಕೋ ಕಾಲೇಜಿಗೋ ದಿನವೂ ಕ್ರಮಿಸುವವರಲ್ಲಿ ಸ್ಪೋರ್ಟ್ಸ್ ಬೈಕ್ ಕೊಂಡವರಿಗೆ ಮಣಿಕಟ್ಟು, ಕುತ್ತಿಗೆ ಮತ್ತು ಸೊಂಟದ ನೋವು ಹೊಸತಲ್ಲ. ಯಮಾಹಾ ಆರ್15, ಕೆಟಿಎಂ ಆರ್‌ಸಿ 200 ಮುಂತಾದ ಮಾದರಿಗಳಲ್ಲಿ ಹ್ಯಾಂಡಲ್ ಒಂದೇ ಉದ್ದನೆಯ ಕೊಳವೆಯಾಗಿರದೆ, ಮುಂದಿನ ಫೋರ್ಕಿನ ಎರಡು ಕೊಳವೆಗಳಿಗೆ ಬೇರೆಬೇರೆಯಾಗಿ ಬಿಗಿದ ಎರಡು ತುಂಡುಗಳಾಗಿರುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಕ್ಲಿಪ್-ಆನ್ ಎಂಬ ಹೆಸರಿದೆ. ಈ ವಿನ್ಯಾಸದಲ್ಲಿ ಸವಾರನು ಮುಂದಕ್ಕೆ ಬಾಗಿ ಕೂರಬೇಕಾಗುತ್ತದೆ. ಹೆಚ್ಚಿನ ವೇಗದಲ್ಲಿ ಎದುರುಗಾಳಿಯು ಎದೆಯನ್ನು ಒತ್ತಿ ಹಿಡಿಯುವುದರಿಂದ ಕೈಗಳ ಮೇಲಿನ ಭಾರ ಹಗುರಾಗುತ್ತದೆಯಾದರೂ, ಉಬ್ಬುತಗ್ಗುಗಳ ನಡುವೆ ನಿಧಾನವಾಗಿ ಸಾಗುವಾಗ ಆ ಭಾರವೆಲ್ಲ ಅಂಗೈಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಹ್ಯಾಂಡಲನ್ನು ಸ್ವಲ್ಪ ಎತ್ತರಿಸಿಕೊಳ್ಳುವ ಆಸೆ ಸಹಜವಾದದ್ದು. ಆ ಕೆಲಸ ಯಾವ ಹಂತದವರೆಗೆ ಮಾಲೀಕನ ಸ್ವಂತ ವಿವೇಚನೆಗೆ ಬಿಟ್ಟದ್ದು, ಯಾವ ಹಂತದಿಂದ ಕಾನೂನಿನ ಅನುಮತಿಯನ್ನು ಕೇಳುತ್ತದೆ ಎಂಬುದು ಮಾತ್ರ ಬಹುತೇಕ ಸವಾರರಿಗೂ ಹಲವು ಗ್ಯಾರೇಜಿನವರಿಗೂ ಸ್ಪಷ್ಟವಿಲ್ಲ.

ಈ ವಿಷಯದ ಮೂಲ ನಿಯಮ ಇರುವುದು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನಲ್ಲಿ. ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಇರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಬಾರದು ಎಂದು ಅದು ಹೇಳುತ್ತದೆ. ‘ಮಾರ್ಪಾಡು’ ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ ಎಂಬ ವಿವರಣೆಯೂ ಅದೇ ಕಲಮಿನಲ್ಲಿದೆ. ಆರ್‌ಸಿಯಲ್ಲಿ ಚಾಸಿ ಮತ್ತು ಎಂಜಿನ್ ಸಂಖ್ಯೆ, ಬಣ್ಣ, ಇಂಧನ, ಎಂಜಿನ್ನಿನ ಗಾತ್ರ, ಗಾಲಿಗಳ ನಡುವಿನ ಅಂತರ, ಖಾಲಿ ತೂಕ, ಆಸನಗಳ ಸಂಖ್ಯೆ ಮುಂತಾದವು ದಾಖಲಾಗುತ್ತವೆಯೇ ಹೊರತು ಹ್ಯಾಂಡಲಿನ ಎತ್ತರ ಅಥವಾ ಅಗಲ ದಾಖಲಾಗುವುದಿಲ್ಲ. ಆರ್‌ಸಿಯಲ್ಲಿ ಇಲ್ಲದ್ದನ್ನು ಬದಲಿಸಿದರೆ ಕಾನೂನು ಮುರಿದಂತಾಗುವುದಿಲ್ಲ ಎಂಬ ವಾದ ಹುಟ್ಟುವುದು ಇಲ್ಲಿಂದಲೇ.

ಈ ವಾದಕ್ಕೆ ಬಲವಿದೆಯಾದರೂ ಅದನ್ನೇ ಪೂರ್ತಿ ನೆಚ್ಚಿಕೊಳ್ಳುವುದು ಜಾಣತನವಲ್ಲ. ಕೇರಳದ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪು, 52ನೇ ಕಲಮಿನ ಒತ್ತು ತಯಾರಕರ ಮೂಲ ವಿವರಗಳನ್ನು ಕದಲಿಸದಿರುವುದರ ಮೇಲೆಯೇ ಇದೆ ಎಂದು ಅರ್ಥೈಸಿತು. ಮಾರುಕಟ್ಟೆಗೆ ಬರುವ ಮೊದಲು ಪ್ರತಿ ಮಾದರಿಯ ಮೂಲವಾಹನವೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 126ನೇ ನಿಯಮದಂತೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಗಾಗಿ ಪ್ರಮಾಣೀಕರಣ ಪಡೆದಿರುತ್ತದೆ. ಆ ಪರೀಕ್ಷೆಯನ್ನು ದಾಟಿದ ರಚನೆಯನ್ನು ಗ್ಯಾರೇಜಿನಲ್ಲಿ ಮನಬಂದಂತೆ ಬದಲಿಸಿದರೆ ಸುರಕ್ಷತೆಯ ಖಾತರಿ ಉಳಿಯುವುದಿಲ್ಲ ಎಂಬುದು ಈ ಕಠಿಣ ನಿಲುವಿನ ಹಿಂದಿರುವ ಕಾರಣ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ 4ನೇ ಉಪಕಲಂ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ದಂಡವು ವಾಹನಕ್ಕೆ ಒಂದರಂತಲ್ಲ, ಮಾರ್ಪಾಡಿಗೆ ಒಂದರಂತೆ ಬೀಳುತ್ತದೆ ಎಂಬುದನ್ನು ಹ್ಯಾಂಡಲಿನ ಜೊತೆಗೆ ಸೈಲೆನ್ಸರನ್ನೂ ಬದಲಿಸಹೊರಟವರು ಗಮನಿಸಬೇಕು.

ಹಾಗಾದರೆ ಯಾವ ಕೆಲಸಕ್ಕೆ ಯಾರ ಅನುಮತಿಯೂ ಬೇಡ? ತಯಾರಕರೇ ಬಿಟ್ಟಿರುವ ಹೊಂದಾಣಿಕೆಯೊಳಗೆ ಮಾಡುವ ಕೆಲಸಕ್ಕೆ ಬೇಡ. ಬ್ರೇಕ್ ಮತ್ತು ಕ್ಲಚ್ ಲಿವರುಗಳನ್ನು ಮುಂಗೈಯ ನೇರಕ್ಕೆ ಬರುವಂತೆ ಸ್ವಲ್ಪ ತಿರುಗಿಸಿ ಬಿಗಿಯುವುದು, ಮಾಲೀಕರ ಕೈಪಿಡಿ ಹೇಳಿದಷ್ಟು ಮಿತಿಯಲ್ಲಿ ಹ್ಯಾಂಡಲಿನ ಕೋನವನ್ನು ಸರಿಪಡಿಸುವುದು, ಸವೆದ ಹಿಡಿಕೆಗೆ ಬದಲು ಮೆತ್ತನೆಯ ಹಿಡಿಕೆ ಹಾಕಿಸುವುದು, ಬಾಗಿದ ಹ್ಯಾಂಡಲಿಗೆ ಅದೇ ಕಂಪನಿಯ ಅದೇ ಬಗೆಯ ಬಿಡಿಭಾಗ ಕೂರಿಸುವುದು ರಚನೆಯ ಬದಲಾವಣೆ ಎನಿಸಿಕೊಳ್ಳುವುದಿಲ್ಲ. ನೋವಿನ ಬಹುಪಾಲು ಕೆಲವೊಮ್ಮೆ ಇಷ್ಟರಲ್ಲೇ ಇಳಿಯುತ್ತದೆ. ಲಿವರು ತೀರ ಮೇಲೆದ್ದು ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡಿದ್ದರೆ ಎಷ್ಟು ಎತ್ತರದ ಹ್ಯಾಂಡಲೂ ಅದನ್ನು ಸರಿಪಡಿಸಲಾರದು.

ತೊಡಕಿರುವುದು ಇದರಾಚೆಯ ಕೆಲಸದಲ್ಲಿ. ಫೋರ್ಕಿನ ಕೊಳವೆಗಳನ್ನು ಹಿಡಿದಿಡುವ ಮೇಲ್ತಟ್ಟೆಯನ್ನೇ ಬದಲಿಸಿ ಒಂದೇ ಕೊಳವೆಯ ಎತ್ತರದ ಹ್ಯಾಂಡಲ್ ಕೂರಿಸುವಾಗ ಅಥವಾ ಎತ್ತರಿಸುವ ತುಂಡುಗಳನ್ನು ನಡುವೆ ಸೇರಿಸುವಾಗ ಆಕ್ಸಿಲೇಟರ್ ಮತ್ತು ಕ್ಲಚ್ ಕೇಬಲ್ಲು, ಮುಂದಿನ ಬ್ರೇಕಿನ ಎಣ್ಣೆಕೊಳವೆ ಹಾಗೂ ಸ್ವಿಚ್ಚುಗಳ ವೈರು ಮೊದಲಿನ ಉದ್ದಕ್ಕೆ ಸಾಲದೇ ಹೋಗಬಹುದು. ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಆಕ್ಸಿಲೇಟರ್ ಕೇಬಲ್ಲು ಎಳೆದುಕೊಂಡರೆ ಎಂಜಿನ್ ತಾನಾಗಿಯೇ ವೇಗ ಹಿಡಿಯುತ್ತದೆ. ಬ್ರೇಕಿನ ಕೊಳವೆ ಎಳೆದುಕೊಂಡು ಹರಿದರೆ ಮುಂದಿನ ಬ್ರೇಕು ಇದ್ದೂ ಇಲ್ಲದಂತಾಗುತ್ತದೆ. ಇನ್ನು ಕೆಲವರು ಫೋರ್ಕಿನ ಕೊಳವೆಗಳನ್ನು ಹಿಡಿತದೊಳಗೆ ಮೇಲಕ್ಕೆ ಸರಿಸಿ ಅವುಗಳ ತುದಿಗೆ ಹ್ಯಾಂಡಲ್ ಬಿಗಿಯುತ್ತಾರೆ. ಇದರಿಂದ ಬೈಕಿನ ಮುಂಭಾಗ ತಗ್ಗಿ, ಫೋರ್ಕಿನ ಓರೆ ಕಡಿಮೆಯಾಗಿ, ತಿರುವಿನಲ್ಲಿ ವಾಹನದ ಗುಣವೇ ಬೇರೆಯಾಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಸವಾರನಿಗೆ ಇದು ಕಾಗದದ ಮೇಲಿನ ವ್ಯತ್ಯಾಸವಲ್ಲ. ಇಂಥ ಬದಲಾವಣೆ ‘ಮೂಲ ಲಕ್ಷಣ’ವನ್ನು ಮುಟ್ಟುತ್ತದೆಯೇ ಎಂಬುದನ್ನು ಅಧಿಕಾರಿಯೊಬ್ಬರು ಒಂದು ರೀತಿ, ನ್ಯಾಯಾಲಯ ಇನ್ನೊಂದು ರೀತಿ ಕಾಣಬಹುದಾದ್ದರಿಂದ, ಕೆಲಸ ಮುಗಿಸಿ ವಾದಕ್ಕೆ ನಿಲ್ಲುವುದಕ್ಕಿಂತ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಲೇಸು.

ಕೇಳಬೇಕಾದದ್ದು ಮಾಲೀಕನು ವಾಸಿಸುವ ಪ್ರದೇಶದ ನೋಂದಣಿ ಪ್ರಾಧಿಕಾರವನ್ನು, ಅಂದರೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು. ಧಾರವಾಡ ಜಿಲ್ಲೆಯಲ್ಲಿ ಕೆಎ-25 ಧಾರವಾಡದ ಕಚೇರಿಯ ಸಂಕೇತ, ಕೆಎ-63 ಹುಬ್ಬಳ್ಳಿಯದು. ಅರ್ಜಿಯಲ್ಲಿ ವಾಹನದ ಮಾದರಿ, ಹಾಕಬೇಕೆಂದಿರುವ ಭಾಗದ ತಯಾರಕರ ಹೆಸರು, ಹಳೆಯ ಮತ್ತು ಹೊಸ ಅಳತೆ ಹಾಗೂ ಕಾರಣವನ್ನು ಬರೆದು, ಸಲ್ಲಿಸಿದ ಪ್ರತಿಯ ಮೇಲೆ ಸ್ವೀಕೃತಿ ಪಡೆಯಬೇಕು. ಅಂಗವೈಕಲ್ಯವುಳ್ಳ ಸವಾರರಿಗೆ 52ನೇ ಕಲಮಿನಲ್ಲಿಯೇ ಪ್ರತ್ಯೇಕ ದಾರಿ ಇದೆ: ವಾಹನವನ್ನು ಅವರ ಬಳಕೆಗೆಂದೇ ಹೊಂದಿಸಿಕೊಂಡು, ನಿಗದಿತ ಷರತ್ತುಗಳನ್ನು ಪಾಲಿಸಿ, ಪ್ರಾಧಿಕಾರದ ಅನುಮೋದನೆಯನ್ನು ಆಮೇಲೆ ಪಡೆಯಲು ಅವಕಾಶವಿದೆ. ಕಚೇರಿ ನಿರಾಕರಿಸಿದರೆ ಆದೇಶವನ್ನು ಲಿಖಿತವಾಗಿ ಕೇಳುವುದು ಮುಖ್ಯ, ಏಕೆಂದರೆ 57ನೇ ಕಲಮಿನಂತೆ ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನ ‘ಆಗಂಗಿಲ್ಲ’ದ ವಿರುದ್ಧ ಮೇಲ್ಮನವಿ ಹಾಕಲು ಬರುವುದಿಲ್ಲ.

ರಸ್ತೆಯಲ್ಲಿ ಪೊಲೀಸರು ತಡೆದಾಗ ದಾಖಲೆಗಳನ್ನು ಡಿಜಿಲಾಕರ್ ಮೂಲಕ ತೋರಿಸಿದರೂ ಸಾಕು. ಯಾವ ಕಲಮಿನಡಿ ದಂಡ ಹಾಕಲಾಗುತ್ತಿದೆ ಎಂದು ಕೇಳುವುದೂ ರಸೀದಿ ಪಡೆಯುವುದೂ ಸವಾರನ ಹಕ್ಕು. ಸ್ಥಳದಲ್ಲಿ ದಂಡ ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಆರೋಪ ಒಪ್ಪಿಗೆಯಿಲ್ಲದವರು ದಂಡ ಕಟ್ಟದೆ ನ್ಯಾಯಾಲಯದಲ್ಲಿ ತಮ್ಮ ವಾದ ಮಂಡಿಸಬಹುದು. ವಾಹನದ ಬಳಕೆಯೇ ಅಪಾಯಕಾರಿ ಎನಿಸಿದರೆ 53ನೇ ಕಲಮಿನಡಿ ನೋಂದಣಿಯನ್ನು ಅಮಾನತಿನಲ್ಲಿಡಲು ಪ್ರಾಧಿಕಾರಕ್ಕೆ ಅಧಿಕಾರವಿದೆ, ಆದರೆ ಮಾಲೀಕನ ಅಹವಾಲಿಗೆ ಅವಕಾಶ ಕೊಟ್ಟ ನಂತರವೇ.

ವಿಮೆಯ ವಿಷಯದಲ್ಲಿ ಎರಡು ಭಾಗಗಳನ್ನು ಬೇರೆಯಾಗಿ ನೋಡಬೇಕು. ಅಪಘಾತದಲ್ಲಿ ಗಾಯಗೊಂಡ ಮೂರನೆಯವರಿಗೆ ಪರಿಹಾರ ಕೊಡುವುದನ್ನು ತಪ್ಪಿಸಿಕೊಳ್ಳಲು 150ನೇ ಕಲಂ ವಿಮಾ ಕಂಪನಿಗೆ ಕೊಟ್ಟಿರುವ ಕಾರಣಗಳು ಕೆಲವೇ ಕೆಲವು, ಹ್ಯಾಂಡಲ್ ಬದಲಿಸಿದ್ದು ಅವುಗಳಲ್ಲಿ ಹೆಸರಿಸಿದ ಕಾರಣವಲ್ಲ. ಸ್ವಂತ ಬೈಕಿನ ಹಾನಿಗೆ ಕೇಳುವ ಹಣ ಮಾತ್ರ ಪಾಲಿಸಿಯ ಷರತ್ತಿಗೆ ಒಳಪಟ್ಟದ್ದಾದ್ದರಿಂದ, ಬದಲಾವಣೆಯನ್ನು ಕಂಪನಿಗೆ ಬರೆದು ತಿಳಿಸದಿದ್ದರೆ ತಕರಾರು ಏಳುತ್ತದೆ. ಸಾಲ ತೀರದ ವಾಹನವಾದರೆ ಸಾಲದ ಕರಾರನ್ನೂ ಓದಿಕೊಳ್ಳಬೇಕು.

ಗ್ಯಾರೇಜಿನ ಕೆಲಸವೇ ಕೆಟ್ಟು ಹಾನಿಯಾದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಎರಡು ವರ್ಷಗಳೊಳಗೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಿಲ್ಲಿಲ್ಲದೆ ಮಾಡಿಸಿದ ಕೆಲಸವನ್ನು ಅಲ್ಲಿ ಸಾಬೀತುಪಡಿಸುವುದು ಕಷ್ಟ. ಬಿಡಿಭಾಗದ ಹೆಸರು ಮತ್ತು ಕೂಲಿಯನ್ನು ಬರೆದ ಬಿಲ್ಲು ಪಡೆಯದೆ ಹಣ ಕೊಡಬಾರದು. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕಾನೂನು ಸೇವೆಗಳ ಸಹಾಯವಾಣಿಯ ಸಂಖ್ಯೆ 15100, ಅರ್ಹರಿಗೆ ಉಚಿತ ವಕೀಲರ ನೆರವು ಪಡೆಯುವ ದಾರಿಯನ್ನು ಅಲ್ಲಿ ವಿಚಾರಿಸಬಹುದು.