ದಿನಕ್ಕೆ 60 ರೂಪಾಯಿಯ ಆಸೆ

ನನ್ನ ಬಾಮೈದ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿದ್ದಾನೆ. ಪವರ್ ಪ್ರೆಸ್ಸಿಗೆ ಸಿಕ್ಕಿ ತೋರುಬೆರಳು ಜಜ್ಜಿಹೋಗಿತ್ತು. ಇಎಸ್‌ಐ ಡಾಕ್ಟರು ಬರೆದ ರಜೆ ಮುಗಿಯಲು ಇನ್ನೂ ಎರಡು ವಾರ ಇರುವಾಗ ಸೂಪರ್‌ವೈಸರ್ ಫೋನ್ ಮಾಡಿದ: "ಹೆವಿ ಕೆಲಸ ಬೇಡಪ್ಪ, ಸುಮ್ನೆ ಬಂದು ಪ್ಯಾಕಿಂಗಲ್ಲಿ ಕೂತ್ಕೊ." ಇವನು ಹೋದ. ಅದೇ ವಾರದಲ್ಲಿ ಮತ್ತೆ ಪ್ರೆಸ್ಸಿನ ಮುಂದೆ ನಿಂತಿದ್ದ. ಹೊಲಿಗೆ ಬಿಚ್ಚಿಕೊಂಡು ಕೀವಾಗಿ ಇನ್ನೊಂದು ಆಪರೇಷನ್ ಆಯಿತು. ಬೆರಳು ಈಗ ಮಡಚುವುದಿಲ್ಲ.

"ಫುಲ್ ಸಂಬಳ ಬರತ್ತಲ್ಲ ಭಾವ, ಬೈಕಿನ ಕಂತಿದೆ" ಎಂದಿದ್ದ.

ಆ ಫುಲ್ ಎಷ್ಟು ನೋಡೋಣ. ತಿಂಗಳಿಗೆ 18,000 ಎಂದರೆ ದಿನಕ್ಕೆ 600. ಕೆಲಸದಲ್ಲಾದ ಗಾಯಕ್ಕೆ ಇಎಸ್‌ಐ ಕೊಡುವುದು ಶೇ 90, ಅಂದರೆ 540. ಭಾನುವಾರಕ್ಕೂ ಉಂಟು, ಗಾಯ ವಾಸಿಯಾಗುವ ತನಕವೂ ಉಂಟು. ಮನೆಯಲ್ಲಿ ಕೂತರೆ ಕಳೆದುಕೊಳ್ಳುವುದು ದಿನಕ್ಕೆ 60. ಹದಿನಾಲ್ಕು ದಿನಕ್ಕೆ 840. ಪೆಟ್ರೋಲು, ಟೀ ಖರ್ಚು ಕಳೆದರೆ ಅದರಲ್ಲೂ ಎಷ್ಟು ಉಳಿದೀತು?

ಈಗ ಬೆರಳಿನ ಲೆಕ್ಕ. ತೋರುಬೆರಳು ಪೂರ್ತಿ ತುಂಡಾದರೆ ಕಾನೂನಿನ ಪಟ್ಟಿಯ ಪ್ರಕಾರ ಗಳಿಕೆಯ ಶಕ್ತಿ ಶೇ 14ರಷ್ಟು ನಷ್ಟ. 540ರಲ್ಲಿ ಶೇ 14 ಎಂದರೆ 75 ರೂಪಾಯಿ 60 ಪೈಸೆ. ಇಡೀ ಬೆರಳಿಗೆ, ದಿನಕ್ಕೆ, ಬದುಕಿರುವವರೆಗೆ ಬರುವುದು ಇಷ್ಟೇ. ಬಾಮೈದನ ಬೆರಳು ತುಂಡಾಗಿಲ್ಲ, ಮರಗಟ್ಟಿದೆ. ಮೆಡಿಕಲ್ ಬೋರ್ಡು ಅಷ್ಟನ್ನೂ ಬರೆಯುತ್ತದೆಂಬ ನಂಬಿಕೆ ನನಗಿಲ್ಲ.

ಒಂದು ವಿಷಯದಲ್ಲಿ ಅವನು ಗಟ್ಟಿ ನಿಂತಿದ್ದ. ಗಾಯವಾದ ದಿನ ಆಫೀಸಿನವರು "ಮನೇಲಿ ಬಾಗಿಲಿಗೆ ಸಿಕ್ತು ಅಂತ ಹೇಳ್ಬಿಡು" ಎಂದಿದ್ದರಂತೆ. ಹಾಗೆ ಹೇಳಿದ್ದರೆ ಅದು ಕಾಯಿಲೆ ಲೆಕ್ಕಕ್ಕೆ ಹೋಗುತ್ತಿತ್ತು: ಶೇ 70, ಅದೂ ವರ್ಷಕ್ಕೆ 91 ದಿನ ಮಾತ್ರ. ಅಪಘಾತದ ಪುಸ್ತಕದಲ್ಲಿ ಬರೆಸದೆ ಅವನು ಗೇಟು ದಾಟಲಿಲ್ಲ.

ಈ ಗಲಾಟೆಯ ನಡುವೆ ಏಜೆಂಟೊಬ್ಬ ಹಾಸ್ಪಿಟಲ್ ಕ್ಯಾಶ್ ಪಾಲಿಸಿ ಹಿಡಿದು ಮನೆಗೆ ಬಂದ. ದಿನಕ್ಕೆ 1,000 ರೂಪಾಯಿ ಕೊಡುತ್ತಾರಂತೆ. ಯಾವ ದಿನಕ್ಕೆ? ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ದಿನಕ್ಕೆ! ಕೈಗೆ ಪೆಟ್ಟಾದವನು ಆಸ್ಪತ್ರೆಯಲ್ಲಿರುವುದು ಒಂದೆರಡು ರಾತ್ರಿ, ಮನೆಯಲ್ಲಿ ಕೂರುವುದು ವಾರಗಟ್ಟಲೆ. ಕಾರ್ಖಾನೆಯ ಹುಡುಗರಿಗೆ ಇದನ್ನು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಪ್ರೀಮಿಯಮ್ಮನ್ನು ಆರ್‌ಡಿಗೆ ಹಾಕಿ. ಎರಡು ಕಂತಿನಷ್ಟು ದುಡ್ಡು ಬ್ಯಾಂಕಿನಲ್ಲಿದ್ದಿದ್ದರೆ ಇವನು ಆ ಫೋನಿಗೆ ಓಗೊಡುತ್ತಿರಲಿಲ್ಲ. ಸಂಬಳ ಬಂದ ದಿನವೇ ತೆಗೆದಿಡಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಎನ್ನುವವರ ಕೈಯಲ್ಲಿ ಏನೂ ಉಳಿದದ್ದನ್ನು ನಾನು ಕಂಡಿಲ್ಲ. ಫೋನು, ಬೈಕು, ಹಬ್ಬ ಎಲ್ಲಕ್ಕೂ ಕಂತು!

ಲೈಟ್ ಡ್ಯೂಟಿಯ ಬಗ್ಗೆಯೂ ಒಂದು ಮಾತು. ಅರ್ಧ ಸಂಬಳ, ಅರ್ಧ ಇಎಸ್‌ಐ ಎನ್ನುವ ಲೆಕ್ಕ ಇಲ್ಲ. ಸಂಬಳ ಪಡೆದ ದಿನದ ಭತ್ಯೆ ಅಲ್ಲಿಗೇ ನಿಂತಿತು. ಹಾಜರಿ ಹಾಕಿಸಿಕೊಂಡು ಭತ್ಯೆಯನ್ನೂ ತೆಗೆದುಕೊಂಡರೆ ಕೇಸಾಗುತ್ತದೆ. ಹಾಗಾಗಿ ಡಾಕ್ಟರು ಫೈನಲ್ ಸರ್ಟಿಫಿಕೇಟ್ ಕೊಡುವ ಮೊದಲು ಕಾಲಿಡಬೇಡಿ. ಕೊಡುವಾಗ ಎಷ್ಟು ಭಾರ ಎತ್ತಬಹುದು, ಯಾವ ಮೆಷಿನ್ ಮುಟ್ಟಬಾರದು ಎಂದು ಬರೆಸಿಕೊಳ್ಳಿ, ಒಂದು ಪ್ರತಿ ಆಫೀಸಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಪ್ರೆಸ್ಸಿಗೇ ಹಾಕಿದರೆ, ಗಾರ್ಡ್ ಕೂರಿಸಿದ್ದಾರೆಯೇ, ಎರಡೂ ಕೈಯಲ್ಲಿ ಒತ್ತಬೇಕಾದ ಬಟನ್ನಿನಲ್ಲಿ ಒಂದಕ್ಕೆ ಟೇಪ್ ಸುತ್ತಿದ್ದಾರೆಯೇ ಎಂದು ಮೊದಲು ನೋಡಿ. ಬಾಮೈದನ ಮೆಷಿನ್ನಿಗೆ ಸುತ್ತಿದ್ದರು.